ಸೋಮವಾರದ ಮಡಿ

ಕುಡಿಯುತ್ತಿದ್ದವಳು ನಾನು. ಗಂಡ ಕುಡಿದು ಹಾಳಾದ, ಮಗ ಕುಡಿದು ಹಾಳಾದ ಎಂದು ಹೇಳಿಕೊಳ್ಳುವ ಹೆಂಗಸರು ಬಹಳ ಇದ್ದಾರೆ, ಕೇಳುವವರೂ ಇದ್ದಾರೆ. ಕುಡಿದ ಹೆಂಗಸಿನ ಮಾತು ಕೇಳುವವರು ಕಡಿಮೆ. ನನ್ನಂಥವಳು ಇನ್ನೊಬ್ಬಳು ಎಲ್ಲೋ ಇದ್ದರೆ ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಅಕ್ಷರ ಬಂದದ್ದು ತಲೆ ನರೆತ ಮೇಲೆ, ಸಾಕ್ಷರತೆಯವರು ಹಟ್ಟಿಗೆ ಬಂದು ಕಲಿಸಿದಾಗ. ತಪ್ಪಿದ ಒತ್ತುಗಳನ್ನು ಮಗಳು ಮಾರಕ್ಕ ತಿದ್ದಿದ್ದಾಳೆ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ನಮ್ಮದು ಪರಶುರಾಂಪುರದಿಂದ ಒಳಗಿರುವ ಒಂದು ಹಟ್ಟಿ. ಕುರಿ, ಒಂದಿಷ್ಟು ಶೇಂಗಾ ಹೊಲ. ಗಂಡ ತೀರಿದ ಮೇಲೆ ಮನೆಯಲ್ಲಿ ಮಗ ಓಬಳೇಶ, ಸೊಸೆ ಗೌರಮ್ಮ ಮತ್ತು ನಾನು. ಮಾರಕ್ಕನನ್ನು ಮೊಳಕಾಲ್ಮೂರಿನ ರೇಷ್ಮೆ ಮಗ್ಗದವರ ಮನೆಗೆ ಕೊಟ್ಟಿದ್ದೇವೆ. ನಾನು ಮನೆಯಲ್ಲಿ ಕೂತು ಕಂಬಳಿಗೆ ಉಣ್ಣೆ ನೂಲುತ್ತಿದ್ದೆ.

ನನಗೆ ಮೊದಲು ಕುಡಿಸಿದವಳು ನನ್ನತ್ತೆ, ಬಾಣಂತನದಲ್ಲಿ. ಮೈ ಗಟ್ಟಿಯಾಗಲಿ ಎಂದು ಮೆಣಸು ಕುಟ್ಟಿ ಹಾಕಿ ಕೊಟ್ಟಳು. ಆಮೇಲೆ ತಣ್ಣೀರಿನಲ್ಲಿ ಉಣ್ಣೆ ತೊಳೆದು ಕೈ ಜೋಮು ಹಿಡಿದಾಗ ಕುಡಿದೆ. ಆಮೇಲೆ ಕಾರಣ ಬೇಕಾಗಲಿಲ್ಲ. ಸಾರಾಯಿ ಪಾಕೀಟು ಬಂದ ಮೇಲಂತೂ ಬಲು ಸುಲಭವಾಯಿತು. ಮೂಲೆ ಕಚ್ಚಿ ಬಾಯಿಗೆ ಹಿಂಡಿಕೊಳ್ಳುವುದು, ಖಾಲಿ ಪಾಕೀಟನ್ನು ಒಲೆಗೆ ಹಾಕುವುದು. ಸಂಜೆಗೆ ಶುರುವಾದದ್ದು ಮಧ್ಯಾಹ್ನಕ್ಕೆ ಬಂತು, ಮಧ್ಯಾಹ್ನದಿಂದ ಮುಖ ತೊಳೆಯುವ ಹೊತ್ತಿಗೆ ಬಂತು.

ಒಂದು ನೇಮ ಮಾತ್ರ ನಾನು ಬಿಟ್ಟಿರಲಿಲ್ಲ. ಮಂಗಳವಾರ ಮಾರಮ್ಮನ ವಾರ. ಅದರ ಹಿಂದಿನ ದಿನ, ಸೋಮವಾರ, ನನಗೆ ಮಡಿ. ಅವತ್ತು ಬಾಯಿಗೆ ಒಂದು ಹನಿ ಹಾಕುತ್ತಿರಲಿಲ್ಲ. ಕುಡಿದ ಬಾಯಲ್ಲಿ ಅಮ್ಮನ ದೀಪ ಹಚ್ಚಬಾರದು ಎಂದು ನನ್ನ ತಾಯಿ ಕಲಿಸಿದ್ದಳು. ಎಷ್ಟು ಕಷ್ಟವಾದರೂ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆ.

ಒಂದು ಮಂಗಳವಾರ ಬೆಳಿಗ್ಗೆ ದೀಪ ಹಚ್ಚಲು ಕೂತರೆ ಕಡ್ಡಿ ಗೀರಲಾಗಲಿಲ್ಲ. ಕೈ ನಡುಗಿತು, ಕೈಯಿಂದ ತೋಳಿಗೆ ಬಂತು, ಮೈಯೆಲ್ಲ ಹಿಡಿಯಿತು. ಗೋಡೆಯ ಮೇಲೆ ಕೆಂಪಿರುವೆ ಹರಿದಾಡಿದವು. ಎಲ್ಲೋ ಉರುಮೆ ಬಡಿಯುವುದು ಕೇಳಿಸಿತು. ನಾಲಗೆ ತನ್ನಷ್ಟಕ್ಕೆ ಏನೋ ಆಡಿತು. ಮೈ ತಿಳಿದಾಗ ಗೌರಮ್ಮ ನನ್ನ ಕಾಲಿಗೆ ನೀರು ಹಾಕುತ್ತಿದ್ದಳು. ಅಂಗಳದಲ್ಲಿ ಜನ ಕೈ ಮುಗಿದುಕೊಂಡು ನಿಂತಿದ್ದರು.

"ಏನಾತೇ?" ಎಂದೆ.

"ಅಮ್ಮ ಬಂದಿದ್ಲು ಅತ್ತೆ, ನಿಮ್ ಮೈಮ್ಯಾಲೆ."

ಅಲ್ಲಿಂದ ಪ್ರತಿ ಮಂಗಳವಾರ ಬಂದಳು. ತಪ್ಪಿಹೋದ ಕುರಿ, ಕೂಡಿಬರದ ಮದುವೆ, ಕೊರೆದರೂ ನೀರು ಬಾರದ ಬಾವಿ, ಎಲ್ಲದಕ್ಕೂ ಜನ ನನ್ನ ಮುಂದೆ ಬಂದು ಕೂತರು. ನಾನು ಹೇಳಿದ್ದು ನನಗೇ ತಿಳಿಯುತ್ತಿರಲಿಲ್ಲ. ಆಗದೆ ಹೋದದ್ದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ, ಆದದ್ದನ್ನು ಯಾರೂ ಮರೆಯಲಿಲ್ಲ. ಒಬ್ಬನಿಗೆ ನಿನ್ನ ಮನೆ ದೀಪ ನೆಟ್ಟಗಿಲ್ಲ ಎಂದೆನಂತೆ. ಅವನ ತಮ್ಮ ಬಾವಿಗೆ ಬಿದ್ದು ಸತ್ತ. ಆಮೇಲೆ ನಾನು ದಾರಿಯಲ್ಲಿ ಬಂದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು.

ಅಮ್ಮ ಇಳಿದ ಮೇಲೆ ಅವಳ ಎಡೆಗೆ ಇಟ್ಟ ಸಾರಾಯಿ ನನಗೆ ಕೊಡುತ್ತಿದ್ದರು. ಕುಡಿದ ಕೂಡಲೇ ನಡುಕ ನಿಲ್ಲುತ್ತಿತ್ತು. ಅಮ್ಮ ಶಾಂತಳಾದಳು ಎನ್ನುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ಗೌರಮ್ಮನಿಗೆ ಹುಟ್ಟಿದ ಎರಡು ಕೂಸು ಕೂರುವುದನ್ನು ಕಲಿಯುವ ಮೊದಲೇ ಹೋಗಿದ್ದವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ಅವಳೂ ಒಂದು ಮಂಗಳವಾರ ಮಡಿಲು ಒಡ್ಡಿ ಕೂತು ಕೇಳಿದಳು. ನನಗೆ ನೆನಪಿಲ್ಲ. ನನ್ನ ಬಾಯಿಂದ ಬಂತು ಎಂದು ಅವಳು ಹೇಳಿದ್ದು ಇಷ್ಟು: "ನಾನು ಈ ಮನೇಲಿ ಕುಂತಿರಾಗಂಟ ಕೂಸು ನಿಂದು."

ಅವತ್ತಿಂದ ನಾನು ಅಂಗಡಿಗೆ ಹೋಗಬೇಕಾಗಲಿಲ್ಲ. ಪಾಕೀಟನ್ನು ಗೌರಮ್ಮನೇ ತರಿಸಿಡುತ್ತಿದ್ದಳು.

ಆಮೇಲಿನ ಒಂದು ಮಂಗಳವಾರ ನಾನು ನಡುಗಿ ಅಲ್ಲಿಗೇ ನಿಲ್ಲಲಿಲ್ಲ. ಕೈಕಾಲು ಸೆಟೆದು ಒಲೆ ಮುಂದೆ ಬಿದ್ದೆನಂತೆ. ನಾಲಗೆ ಕಚ್ಚಿಕೊಂಡು ಬಾಯೆಲ್ಲ ರಕ್ತವಾಗಿತ್ತು. ಎಡಗೈ ಕೆಂಡದ ಮೇಲಿತ್ತು. ಅದನ್ನು ಯಾರೂ ತೆಗೆಯಲಿಲ್ಲ. ಅಮ್ಮ ಕೆಂಡ ಮುಟ್ಟಿದಳು ಎಂದು ಆರತಿ ಮಾಡುತ್ತಿದ್ದರು. ಅದೇ ಹೊತ್ತಿಗೆ ತವರಿಗೆ ಬಂದ ಮಾರಕ್ಕ ಚೀಲವನ್ನು ಅಲ್ಲೇ ಎಸೆದು ನನ್ನನ್ನು ಎಳೆದು ಹಾಕಿದಳು.

"ಕಣ್ಣು ಕಾಣಲ್ವೇನೋ ನಿಂಗೆ? ಸುಟ್ಟ ವಾಸ್ನಿ ಬರ್ತೈತೆ!" ಎಂದು ಅಣ್ಣನ ಮೇಲೆ ಹರಿಹಾಯ್ದಳು. "ಇದು ದೇವ್ರಲ್ಲ, ಮೂರ್ಛೆ. ನಮ್ ಬೀದೀಲಿ ಕುಡಿಯೋನೊಬ್ಬ ಹಿಂಗೇ ಬಿದ್ದು ಸತ್ತ."

"ಬಾಯಿ ಬಿಗಿ ಹಿಡಿ ಮಾರಿ," ಎಂದ ಓಬಳೇಶ. "ಅವಳು ಕೇಳಿಸ್ಕಂತಾಳೆ."

"ಕೇಳಿಸ್ಕಳ್ಳಲಿ. ನಮ್ಮವ್ವ ಸತ್ರೆ ಅವಳೇನು ಬಂದು ಮಣ್ಣು ಹಾಕ್ತಾಳಾ?"

ಗೌರಮ್ಮ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಒಳಗೆ ಹೋದಳು.

ಚಿಕಿತ್ಸೆಗೆ ಎಂದರೆ ಯಾರೂ ಬಿಡುತ್ತಿರಲಿಲ್ಲ. ಕೈ ಮಾಯುವ ಮೊದಲೇ ಮಾರಕ್ಕ ಸುಳ್ಳು ಹೇಳಿ ನನ್ನನ್ನು ಹೊರಡಿಸಿದಳು. ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿಸಿಕೊಂಡು ಬರುತ್ತೇನೆ ಎಂದಳು. ದೇವರಿಗೆ ಎಂದರೆ ತಡೆಯುವವರು ಯಾರು? ಬಸ್ಸು ಮೊಳಕಾಲ್ಮೂರಿನಲ್ಲಿ ನಿಂತಾಗ ಅವಳು ನನ್ನನ್ನು ಒಂದು ಕಲ್ಯಾಣ ಮಂಟಪಕ್ಕೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ಯಾರದೋ ಮದುವೆಯ ಬಾಳೆಕಂದು ಒಣಗಿ ನೇತಾಡುತ್ತಿತ್ತು. ಒಳಗೆ ಚಾಪೆ ಮೇಲೆ ಗಂಡಸರು ಸಾಲಾಗಿ ಕೂತಿದ್ದರು. ಎಲ್ಲರ ಕೈಯೂ ನಡುಗುತ್ತಿತ್ತು. ಇಷ್ಟು ಜನರ ಮೇಲೆ ಒಟ್ಟಿಗೆ ಬಂದಳೇ ಎಂದು ನಾನು ಗಾಬರಿಯಾದೆ.

ಅದು ಕುಡಿತ ಬಿಡಿಸುವ ಶಿಬಿರ. ನಡೆಸುತ್ತಿದ್ದವರು ಒಬ್ಬ ಮೇಷ್ಟ್ರು. ಅವರು ನನ್ನನ್ನು ನೋಡಿ, "ಹೆಂಗಸರಿಗೆ ಇಲ್ಲಿ ವ್ಯವಸ್ಥೆ ಇಲ್ಲಮ್ಮ," ಎಂದರು.

"ಕುಡಿಯಾಕೆ ಹೆಂಗಸ್ರಿಗೆ ವ್ಯವಸ್ಥೆ ಐತಲ್ಲ ಸಾರ್," ಎಂದಳು ಮಾರಕ್ಕ. "ಬಿಡಾಕೆ ಯಾಕಿಲ್ಲ?"

ಚಾಪೆಯಿಂದ ಒಬ್ಬ ಎದ್ದು ನಿಂತ. ಆಂಧ್ರದ ಗಡಿ ಕಡೆಯವನು, ಸೀನಪ್ಪ ಅಂತ. ಹಿಂದೆ ಕಳೆದ ಎತ್ತು ಕೇಳಲು ನನ್ನ ಹತ್ತಿರ ಬಂದಿದ್ದವನು. "ಅಯ್ಯೋ ದೇವುಡಾ! ಅಮ್ಮನ್ನೇ ಹಿಡ್ಕಂಬಂದವ್ರಲ್ರಲೇ! ಇನ್ನು ನಮ್ಮನ್ನ ಕಾಯೋರು ಯಾರು?" ಎಂದ. ಗಂಡಸರೆಲ್ಲ ನಕ್ಕರು. ನಾನು ತಿರುಗಿ ನೋಡಿದೆ. ನಗು ನಿಂತಿತು.

ನನಗೆ ಮದುವೆ ಹೆಣ್ಣನ್ನು ಸಿಂಗರಿಸುವ ಕೋಣೆ ಕೊಟ್ಟರು. ಮಾರಕ್ಕ ಜೊತೆಗೆ ಉಳಿದಳು. ಗೋಡೆಗೆ ಆಳೆತ್ತರದ ಕನ್ನಡಿ, ಅದರ ಸುತ್ತ ಬಣ್ಣದ ಬಲ್ಬು. ಮಾತ್ರೆ ಕೊಟ್ಟರು, ಸೂಜಿ ಹಾಕಿದರು. ಆದರೂ ಮೊದಲ ದಿನಗಳಲ್ಲಿ ನನಗೆ ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಯಲಿಲ್ಲ. ವಾಂತಿ, ಬೆವರು. ಮಂಚದ ಕೆಳಗೆ ಕುರಿಗಳು ಉಸಿರಾಡುವ ಸದ್ದು. ಕನ್ನಡಿಯಲ್ಲಿ ಒಬ್ಬಳು ಕೂತಿದ್ದಳು. ಕೂದಲು ಬಿಚ್ಚಿದ್ದಳು, ಎಡಗೈ ಸುಟ್ಟಿತ್ತು. ನನ್ನ ಬಾಯಿ ಮುಚ್ಚಿತ್ತು. ಅವಳ ಬಾಯಿ ಆಡುತ್ತಿತ್ತು.

"ಎದ್ದು ನಡಿ. ಕೂಸು ಹೋಗ್ತೈತೆ," ಎಂದಳು.

ಮಾರಕ್ಕ ಕನ್ನಡಿಗೆ ತನ್ನ ಸೀರೆ ಹೊದಿಸಿದಳು. ಆಮೇಲೆ ಅವಳು ಕಾಣಲಿಲ್ಲ, ಮಾತು ಮಾತ್ರ ಸೀರೆಯ ಹಿಂದಿನಿಂದ ಬರುತ್ತಿತ್ತು.

ಮೈ ಸ್ವಲ್ಪ ತಿಳಿಯಾದ ಮೇಲೆ ಡಾಕ್ಟರಮ್ಮ ಬಂದು ಮಂಚದ ಮೇಲೆ ನನ್ನ ಪಕ್ಕದಲ್ಲೇ ಕೂತರು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು.

"ಅಮ್ಮ ಯಾವ ವಾರ ಬರ್ತಾಳೆ ಅಜ್ಜಿ?"

"ಮಂಗಳವಾರ."

"ಸೋಮವಾರ ಏನು ಮಾಡ್ತೀರಿ?"

"ಸೋಮವಾರ ಮಡಿ. ಬಾಯಿಗೆ ಹನಿ ಹಾಕಲ್ಲ."

"ಮಿಕ್ಕ ದಿನ?"

"ಕುಡೀತೀನಿ."

"ಮಂಗಳವಾರ ಅಮ್ಮ ಹೋಗೋದು ಹೇಗೆ?"

"ಎಡೆ ಕುಡಿದ್ರೆ ಹೋಗ್ತಾಳೆ."

ಡಾಕ್ಟರಮ್ಮ ಮೆಲ್ಲಗೆ ಕೇಳಿದರು. "ಇಲ್ಲಿ ಗಂಡಸರಿಗೆ ಮಡಿ ಇಲ್ಲ. ಇವತ್ತು ಅವರ ಕೈ ಯಾಕೆ ನಡುಗ್ತಾ ಇದೆ, ಹೇಳಿ?"

ನನಗೆ ಸಿಟ್ಟು ಬಂತು. ನೀರಿನ ಚೊಂಬನ್ನು ಗೋಡೆಗೆ ಎಸೆದೆ. ಅವರು ಅದನ್ನು ಎತ್ತಿ ನೆಟ್ಟಗಿಟ್ಟು ಹೋದರು.

ಮುಂದಿನ ಮಂಗಳವಾರ ಬಂತು. ನಾನು ಬೆಳಿಗ್ಗೆ ಎದ್ದು ಸ್ನಾನ ಮಾಡಿ ಗೋಡೆಗೆ ಒರಗಿ ಕೂತೆ. ಹೊರಗೆ ಗಂಡಸರು ಭಜನೆ ಹೇಳುತ್ತಿದ್ದರು. ಕೈ ಎರಡೂ ತೊಡೆ ಮೇಲೆ ಬಿದ್ದಿದ್ದವು, ಬೇರೆ ಯಾರದೋ ಕೈ ತಂದು ಇಟ್ಟ ಹಾಗೆ. ಬಿಸಿಲು ಕಿಟಕಿಯಿಂದ ಇಳಿದು ಬಾಗಿಲ ತನಕ ಹೋಯಿತು. ಯಾರೂ ಬರಲಿಲ್ಲ. ನಡುಗಿದಾಗ ಆಗದಿದ್ದ ಹೆದರಿಕೆ ಆಗ ಆಯಿತು. ಬಂದವಳು ಅಮ್ಮನಲ್ಲವಾದರೆ ಅವತ್ತು ಕೇಳಲು ಬಂದವನ ತಮ್ಮ ಬಾವಿಗೆ ಬೀಳುವುದನ್ನು ಹೇಳಿದವರು ಯಾರು? ಗೌರಮ್ಮನಿಗೆ ಮಾತು ಕೊಟ್ಟವರು ಯಾರು? ಬಂದವಳು ಅಮ್ಮನೇ ಆದರೆ ನಾನು ಮಾತ್ರೆ ತಿಂದು ಅವಳನ್ನು ಹೊರಗೆ ಹಾಕಿದೆ. ಎರಡರಲ್ಲಿ ಯಾವುದು ನಿಜವಾದರೂ ನನಗೆ ಒಳ್ಳೆಯದು ಕಾಣಲಿಲ್ಲ.

ಶಿಬಿರ ಮುಗಿಯುವ ದಿನ ಮೇಷ್ಟ್ರು ಎಲ್ಲರಿಗೂ ಅವರವರ ಮನೆದೇವರ ಮೇಲೆ ಆಣೆ ಇಡಲು ಹೇಳಿದರು. ಸೀನಪ್ಪ ನೆಟ್ಟಗೆ ಬಂದು ನನ್ನ ಕಾಲು ಹಿಡಿದ. "ನಾನು ಈ ಅಮ್ಮನ ಮ್ಯಾಲೇ ಇಡ್ತೀನಿ ಸಾರ್. ಮುರಿದ್ರೆ ಇವ್ಳು ನನ್ನ ತಗಂಡೋಗ್ಲಿ."

"ಕಾಲು ಬಿಡಲೋ," ಎಂದೆ. "ನಾನೂ ನಿನ್ನಂಗೇ ಒಬ್ಬ ಕುಡುಕಿ."

ನನ್ನ ಬಾಯಿಂದ ಆ ಮಾತು ಮೊದಲ ಸಲ ಬಂದದ್ದು ಅಲ್ಲಿ. ಅವನು ಕಾಲು ಬಿಡಲಿಲ್ಲ.

ಹಟ್ಟಿಗೆ ಬಂದೆ. ಗೌರಮ್ಮ ತುಂಬಿದ ಬಸುರಿ, ಹೊಸ್ತಿಲಲ್ಲಿ ನಿಂತಿದ್ದಳು. ಮೊದಲಾದರೆ ಕಾಲಿಗೆ ನೀರು ಹಾಕುತ್ತಿದ್ದಳು. ಅವತ್ತು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಅಮ್ಮನ್ನ ಮೊಳಕಾಲ್ಮೂರಲ್ಲೇ ಬಿಟ್ಟು ಬಂದ್ರಾ ಅತ್ತೆ?" ಎಂದಳು.

ನಾನು ಪಕ್ಕಕ್ಕೆ ಸರಿದು ಒಳಗೆ ಹೋದೆ.

ಚಳ್ಳಕೆರೆಯ ಆಸ್ಪತ್ರೆಗೆ ತಪ್ಪದೆ ಹೋಗಿ ಮಾತ್ರೆ ತರಬೇಕಾಗಿತ್ತು. ಅಲ್ಲಿ ಒಂದು ಉದ್ದ ಬೆಂಚು, ಕುಡಿತದವರಿಗೆ ಬೇರೆ ಬಾಗಿಲು. ಆ ಬಾಗಿಲ ಮುಂದೆ ಹೆಂಗಸರು ಕೂತರೆ ಗಂಡನನ್ನು ಕರೆತಂದವಳು ಎಂದುಕೊಳ್ಳುತ್ತಿದ್ದರು. "ಯಜಮಾನ್ರು ಎಲ್ಲವ್ರೆ ಅಜ್ಜಿ?" ಎಂದು ಒಬ್ಬಳು ಕೇಳಿದಳು. "ಮೇಲೆ," ಎಂದು ಕೈ ತೋರಿಸಿದೆ. ಅವಳು ಮಾಳಿಗೆ ನೋಡಿದಳು. ನರ್ಸಮ್ಮ ಒಬ್ಬರು ನನ್ನ ಹೆಸರನ್ನು ಕೂಗದೆ ಹತ್ತಿರ ಬಂದು ಭುಜ ಮುಟ್ಟಿ ಕರೆಯುತ್ತಿದ್ದರು. ನನ್ನ ಕಡೆಯವರು ಯಾರಾದರೂ ಬೆಂಚಿನಲ್ಲಿದ್ದರೆ ತಿಳಿಯದಿರಲಿ ಎಂದು. ಅಷ್ಟು ಮಾಡಿದ್ದು ಸಾಕು, ನಾನು ಮರೆತಿಲ್ಲ.

ಸೀನಪ್ಪನೂ ಬರುತ್ತಿದ್ದ, ಹುರಿದ ಶೇಂಗಾ ಕಟ್ಟಿಕೊಂಡು. ಇಬ್ಬರೂ ಸಿಪ್ಪೆ ಬಿಡಿಸುತ್ತ ಕೂರುತ್ತಿದ್ದೆವು. ಕೈಗೆ ಕೆಲಸ ಇದ್ದರೆ ಒಳ್ಳೆಯದು. "ಭಯಂ ಅಮ್ಮ," ಎನ್ನುತ್ತಿದ್ದ. "ಅಂಗಡಿ ಮುಂದೆ ಹೋಗಾಗ ಕಾಲು ತಾನೇ ತಿರುಗ್ತೈತೆ."

"ನನ್ನ ಕಾಲು ತಿರುಗೋದೇ ಬ್ಯಾಡ. ನಮ್ಮನೇಲೇ ಐತೆ," ಎಂದೆ. ಗೌರಮ್ಮ ಇನ್ನೂ ಪಾಕೀಟು ತರಿಸಿ ಅಮ್ಮನ ಪಟದ ಹಿಂದೆ ಇಡುತ್ತಿದ್ದಳು. ನನಗೆ ಕಾಣುವ ಹಾಗೆಯೇ ಇಡುತ್ತಿದ್ದಳು.

ಒಂದು ಸಲ ಸೀನಪ್ಪ ಬರಲಿಲ್ಲ. ಮತ್ತೊಂದು ಸಲವೂ ಬರಲಿಲ್ಲ. ಅವನ ಊರಿನವನೊಬ್ಬ ಬೆಂಚಿನಲ್ಲಿ ಸಿಕ್ಕಿದ. ಸೀನಪ್ಪ ಮತ್ತೆ ಹಿಡಿದನಂತೆ. ಹೊಲದ ಬದುವಿನಲ್ಲಿ ಬೋರಲು ಬಿದ್ದು ಸತ್ತಿದ್ದನಂತೆ. "ಯಾರೋ ಅಮ್ಮನ ಮ್ಯಾಲೆ ಆಣೆ ಇಟ್ಟು ಮುರಿದಿದ್ದ. ಅವಳು ಬಿಡ್ತಾಳಾ?" ಎಂದ. ಆ ಅಮ್ಮ ನಾನೇ ಎಂದು ಅವನಿಗೆ ಗೊತ್ತಿರಲಿಲ್ಲ. ಮಾತ್ರೆ ತೆಗೆದುಕೊಂಡು ಬಸ್ಸು ಹತ್ತಿದೆ. ಶೇಂಗಾ ವಾಸನೆ ಈಗಲೂ ನನಗೆ ಆಗುವುದಿಲ್ಲ.

ಗೌರಮ್ಮ ಹೆಣ್ಣು ಹೆತ್ತಳು. ಕೂಸನ್ನು ನನಗೆ ಮುಟ್ಟಿಸಲಿಲ್ಲ. ನಾನು ಜಗಲಿಯಲ್ಲಿ ನೂಲುತ್ತ ಕೂತಿರುತ್ತಿದ್ದೆ. ಶಿಬಿರಕ್ಕೆ ಹೋಗುವ ಮೊದಲು ನನ್ನ ನೂಲು ಗಂಟುಗಂಟಾಗಿ ಬರುತ್ತಿತ್ತು. ಈಗ ನೆಟ್ಟಗೆ ಬರುತ್ತಿತ್ತು. ಗೌರಮ್ಮ ಆ ನೆಟ್ಟಗಿನ ನೂಲನ್ನೇ ಹೆದರಿಕೊಂಡು ನೋಡುತ್ತಿದ್ದಳು.

ಕೂಸು ನಗುವುದನ್ನು ಕಲಿತ ಹೊತ್ತಿಗೆ ಭೇದಿ ಹಿಡಿಯಿತು. ಒಂದು ದಿನದಲ್ಲಿ ನೆತ್ತಿ ಗುಳಿ ಬಿತ್ತು, ಅಳುವ ದನಿಯೂ ಹೋಯಿತು. ಹಿಂದಿನ ಎರಡೂ ಹೀಗೇ ಹೋಗಿದ್ದವು. ಮಧ್ಯಾಹ್ನ ಗೌರಮ್ಮ ಕೂಸನ್ನು ತಂದು ನನ್ನ ಮುಂದೆ ನೆಲದ ಮೇಲೆ ಮಲಗಿಸಿದಳು. ಹಿತ್ತಾಳೆ ಲೋಟದಲ್ಲಿ ಸಾರಾಯಿ ಬಗ್ಗಿಸಿ ಪಕ್ಕದಲ್ಲಿಟ್ಟಳು. ಓಬಳೇಶ ಬೇವಿನ ಸೊಪ್ಪು, ಅರಿಶಿನದ ನೀರು ಹಿಡಿದು ನಿಂತ.

"ಕುಡೀರಿ ಅತ್ತೆ. ಅವಳು ಬರ್ಲಿ."

"ಆಸ್ಪತ್ರೆಗೆ ನಡಿಯೇ."

"ಮೊದಲ್ನೇದನ್ನ ಆಸ್ಪತ್ರೆಗೆ ಒಯ್ದಿದ್ದೆ. ಬಟ್ಟೇಲಿ ಸುತ್ತಿ ಕೊಟ್ರು. ಅವಳು ಮಾತು ಕೊಟ್ಟವಳೆ. ಕುಡೀರಿ."

"ಕುಡಿದ್ರೆ ಬರಲ್ಲ ಕಣೇ ಅವಳು! ಕುಡಿದು ಆಮ್ಯಾಲೆ ನಿಲ್ಸಿದ್ರೆ ಬರ್ತಾಳೆ. ಇವತ್ತು ಕುಡಿದ್ರೆ ನಾಳೆ, ನಾಡಿದ್ದು. ಅಲ್ಲೀಗಂಟ ಕೂಸು ಇರ್ತೈತಾ?"

ಅವರಿಗೆ ನನ್ನ ಮಾತು ತಿಳಿಯಲಿಲ್ಲ. ಲೋಟ ನನ್ನ ಮೂಗಿನ ಹತ್ತಿರ ಬಂತು. ಇದನ್ನು ಮುಚ್ಚಿಡದೆ ಹೇಳಬೇಕು. ಕೂಸು ಕಣ್ಣು ಮೇಲೆ ಮಾಡುತ್ತಿತ್ತು, ನನ್ನ ಬಾಯಲ್ಲಿ ನೀರು ಬಂತು. ಕುಡಿದರೆ ಬೈಯುವವರು ಯಾರೂ ಇರಲಿಲ್ಲ. ಕಾಲಿಗೆ ಬೀಳುತ್ತಿದ್ದರು.

ಲೋಟವನ್ನು ಕೈಯಲ್ಲಿ ತೆಗೆದುಕೊಂಡೆ. ಅದನ್ನು ನನ್ನ ಹಿಂದೆ ಇಟ್ಟೆ. ತುರುಬು ಬಿಚ್ಚಿದೆ.

ಬೇಕೆಂದು ನಡುಗುವುದು ನನಗೆ ಗೊತ್ತಿರಲಿಲ್ಲ. ಮೊದಲೆಲ್ಲ ಮೈ ತಾನೇ ಮಾಡುತ್ತಿತ್ತು. ಕೈ ಅಲ್ಲಾಡಿಸಿದೆ, ಹಲ್ಲು ಕಡಿದೆ, ಉಸಿರು ಎಳೆದು ಕೂಗಿದೆ. ಓಬಳೇಶ ನೆಲಕ್ಕೆ ಬಿದ್ದ. ಗೌರಮ್ಮ ಮಡಿಲು ಒಡ್ಡಿದಳು.

"ಕೂಸನ್ನ ಚಳ್ಳಕೆರೆಗೆ ಒಯ್ಯಿರಿ. ಈಗ್ಲೇ. ಆಸ್ಪತ್ರೆ ಬಾಗ್ಲಲ್ಲಿ ನಾನು ನಿಂತಿರ್ತೀನಿ. ಸೂಜಿ ಹಾಕೋ ಕೈ ನಂದೇ," ಎಂದೆ.

"ಮನೆ ಬಿಟ್ಟು ಹೋಗ್ತೀಯಾ ತಾಯಿ?" ಎಂದಳು ಗೌರಮ್ಮ, ಅಳುತ್ತ.

ಹೋಗುತ್ತೇನೆ, ಕೂಸು ನಿನ್ನದು, ಈ ಮುದುಕಿಗೆ ಇನ್ನು ಕುಡಿಸಬೇಡ. ಹೀಗೆ ಹೇಳಬೇಕು ಎಂದು ಒಳಗೆ ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆದೆ. ಬಂದದ್ದು ಬೇರೆ.

"ಹೋಗಲ್ಲ. ಹೊಸ್ತಿಲಾಚೆ ಕುಂದಿರ್ತೀನಿ. ಮಂಗಳವಾರ ನನ್ನ ಪಾಲು ಅಲ್ಲಿಡ್ರಿ."

ಆಗ ನೋಡಿದೆ. ನಾನು ಅಲ್ಲಾಡಿಸುವುದನ್ನು ನಿಲ್ಲಿಸಿದ್ದೆ, ಕೈ ನಿಲ್ಲಿಸಿರಲಿಲ್ಲ.

ಟ್ರ್ಯಾಕ್ಟರಿನಲ್ಲಿ ಚಳ್ಳಕೆರೆಗೆ ಹೋದೆವು. ಕೂಸಿನ ತಲೆಗೆ ಸೂಜಿ ಚುಚ್ಚಿ ಗ್ಲೂಕೋಸು ಇಳಿಸಿದರು. ನಾನು ಅದೇ ಬೆಂಚಿನಲ್ಲಿ, ಕೂದಲು ಕಟ್ಟುವುದನ್ನೂ ಮರೆತು ಕೂತಿದ್ದೆ. ಭುಜ ಮುಟ್ಟಿ ಕರೆಯುವ ನರ್ಸಮ್ಮ ಹೊರಗೆ ಬಂದು, "ಬದುಕ್ತು ಅಜ್ಜಿ. ಇನ್ನೊಂದು ದಿನ ಬಿಟ್ಟಿದ್ರೆ ಇಲ್ಲ," ಎಂದರು. ಗೌರಮ್ಮ ಅವರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಸೂಜಿ ಹಾಕಿದ ಕೈ ಅದು. ನರ್ಸಮ್ಮನಿಗೆ ಏನೂ ತಿಳಿಯಲಿಲ್ಲ.

ಆ ಕೂಸು ಈಗ ಶಾಲೆಗೆ ಹೋಗುತ್ತದೆ. ನಾನು ಅಂದಿನಿಂದ ಕುಡಿದಿಲ್ಲ. ಬಿಟ್ಟೆ ಎಂದು ಹೇಳಿಕೊಳ್ಳುವುದಿಲ್ಲ, ಇವತ್ತಿನವರೆಗೆ ಕುಡಿದಿಲ್ಲ ಎಂದಷ್ಟೇ ಹೇಳುತ್ತೇನೆ. ಪ್ರತಿ ಮಂಗಳವಾರ ಗೌರಮ್ಮ ಹೊಸ್ತಿಲಾಚೆ ಹಿತ್ತಾಳೆ ಲೋಟ ತುಂಬಿಸಿ ಇಡುತ್ತಾಳೆ. ನನ್ನ ಬಾಯಿಂದ ಬಂದ ಮಾತು, ಇಡಬೇಡ ಎನ್ನಲು ನನಗೆ ಬಾಯಿಲ್ಲ. ನಾನು ಅದನ್ನು ದಾಟಿಕೊಂಡು ಜಗಲಿಗೆ ಹೋಗುತ್ತೇನೆ. ವಾಸನೆ ಹಿಂದೆ ಬರುತ್ತದೆ. ಸಂಜೆಗೆ ಓಬಳೇಶ ಅದನ್ನು ಬೇವಿನ ಬುಡಕ್ಕೆ ಸುರಿಯುತ್ತಾನೆ. ಹಾಗೆಂದು ನಾನು ತಿಳಿದಿದ್ದೆ.

ಮೊನ್ನೆ ಮಂಗಳವಾರ ಬೆಳಿಗ್ಗೆ ಅವನು ಕುರಿ ಬಿಡಲು ಹೋದ. ರೊಪ್ಪದ ಬಾಗಿಲಿಗೆ ಕಟ್ಟಿದ ಹಗ್ಗದ ಗಂಟನ್ನು ಬಿಚ್ಚಲು ಅವನಿಗೆ ಆಗಲಿಲ್ಲ. ಬೆರಳು ನಿಲ್ಲುತ್ತಿರಲಿಲ್ಲ. ಕುರಿಗಳು ಒಳಗಿನಿಂದ ಒತ್ತುತ್ತಿದ್ದವು. ಗೌರಮ್ಮ ಅಂಗಳದಲ್ಲಿ ಸಗಣಿ ಸಾರಿಸುತ್ತಿದ್ದವಳು ಎದ್ದು ನಿಂತಳು. ಅವನ ಕೈ ನೋಡಿದಳು. ಸಗಣಿಯ ಕೈಯಲ್ಲೇ ಮುಗಿದಳು.

ನಾನು ನೂಲುವ ಕದಿರು ಕೆಳಗಿಟ್ಟು ಹೋಗಿ ಅವನ ಮಣಿಕಟ್ಟು ಹಿಡಿದೆ. ನನ್ನ ಕೈಯೊಳಗೆ ಅದು ಹಿಡಿದ ಹಕ್ಕಿಯ ಹಾಗೆ ಹೊಡೆದುಕೊಳ್ಳುತ್ತಿತ್ತು.

"ನಿನ್ನೆ ಕುಡಿದಿದ್ಯಾ?" ಎಂದೆ.

"ಇಲ್ಲವ್ವ, ಅದೊಂದಿನ ಮುಟ್ಟಲ್ಲ," ಎಂದ. ಮಗುವಿನ ಹಾಗೆ ನನ್ನ ಮುಖ ನೋಡಿದ. "ನಿನ್ನೆ ಸೋಮವಾರ. ಮಡಿ ಅಲ್ವಾ?"

ಗಂಟನ್ನು ನಾನೇ ಬಿಚ್ಚಿದೆ. ಕುರಿ ಹೊಡೆದುಕೊಂಡು ಹೋಗಲು ಗೌರಮ್ಮನಿಗೆ ಹೇಳಿದೆ. ಒಳಗೆ ಹೋಗಿ ಅವನ ಅಂಗಿ ತಂದು ಕೊಟ್ಟೆ.

"ತೊಟ್ಕೊ," ಎಂದೆ. "ಚಳ್ಳಕೆರೆ ಬಸ್ಸು ಬರೋ ಹೊತ್ತಾತು."